ಡಾಂಬರು ರಸ್ತೆಯ ಮೇಲೆ ಡೀಸೆಲ್ ಚೆಲ್ಲಿದಾಗ ಆಗುವ ಹಾನಿ

ಶಿವಾಜಿನಗರ, ಹಲಸೂರು ಭಾಗದ ಗ್ಯಾರೇಜುಗಳ ಮುಂದೆ ಹಾಗೂ ಕೃಷ್ಣರಾಜಪುರದ ಕಡೆಗೆ ಸಾಗುವ ಹಳೆ ಮದ್ರಾಸ್ ರಸ್ತೆಯಲ್ಲಿ ಎಣ್ಣೆ ಬಿದ್ದ ಜಾಗ ಬೇಗನೆ ಗುಂಡಿಯಾಗುವುದಕ್ಕೆ ಮಳೆಯೊಂದೇ ಕಾರಣವಲ್ಲ.

ಡಾಂಬರು ಎಂದರೆ ಕಲ್ಲಿದ್ದಲಿನ ಟಾರು ಎಂಬ ತಿಳುವಳಿಕೆ ಇಂದಿಗೂ ಇದೆ. ಈಗ ರಸ್ತೆಗೆ ಬಳಸುವುದು ಕಚ್ಚಾ ತೈಲದಿಂದ ದೊರೆಯುವ ಬಿಟುಮೆನ್. ಹಳೆಯ ಹೆಸರು ಮಾತ್ರ ಉಳಿದಿದೆ. ಕಲ್ಲಿದ್ದಲಿನ ಅಣುಗಳು ಬಲೆಯಂತೆ ಪರಸ್ಪರ ಹೆಣೆದುಕೊಂಡಿರುತ್ತವೆ. ಆದುದರಿಂದ ಪಿರಿಡಿನ್‌ನಂತಹ ದ್ರಾವಕದಲ್ಲಿ ಅದರ ಒಂದು ಭಾಗ ಮಾತ್ರ ಕರಗಿ, ಉಳಿದುದು ಊದಿಕೊಳ್ಳುತ್ತದೆ. ಬಿಟುಮೆನ್‌ನಲ್ಲಿ ಅಂತಹ ಹೆಣಿಗೆ ಇಲ್ಲ. ಭಾರತೀಯ ಮಾನಕ 73ರ ಪ್ರಕಾರ ಅದು ಟ್ರೈಕ್ಲೋರೋಎಥಿಲೀನ್‌ನಲ್ಲಿ ಕನಿಷ್ಠ ಶೇ. 99ರಷ್ಟು ಕರಗತಕ್ಕದ್ದು.

ಡೀಸೆಲ್ ಸಹ ಹೈಡ್ರೋಕಾರ್ಬನ್ ಆಗಿರುವುದರಿಂದ ಬಿಟುಮೆನ್‌ನೊಳಗೆ ಸುಲಭವಾಗಿ ಬೆರೆತು ಅದನ್ನು ಮೆದುಗೊಳಿಸುತ್ತದೆ. ಜಲ್ಲಿಯ ಹಿಡಿತ ಸಡಿಲಗೊಂಡು, ಚಕ್ರಗಳ ಒತ್ತಡಕ್ಕೆ ಕಲ್ಲುಗಳು ಕಿತ್ತುಬರುತ್ತವೆ. ಪೆಟ್ರೋಲ್ ಬೇಗ ಆವಿಯಾಗುತ್ತದೆ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಬಹುಕಾಲ ಉಳಿಯುವುದರಿಂದ ಹಾನಿ ಹೆಚ್ಚು. ಗುಂಡಿ ಬೀಳುವ ಮೊದಲೇ ದ್ವಿಚಕ್ರ ವಾಹನ ಸವಾರರು ಜಾರಿ ಬೀಳುವ ಅಪಾಯವಂತೂ ಇದ್ದೇ ಇದೆ.

ಎಣ್ಣೆ ಚೆಲ್ಲಿದಲ್ಲಿ ನೀರು ಸುರಿಯಬಾರದು. ನೀರು ಅದನ್ನು ಕರಗಿಸದೆ ಹರಡುತ್ತದೆ. ಒಣ ಮರಳು ಅಥವಾ ಮರದ ಹೊಟ್ಟನ್ನು ಹಾಕಿ, ಹೀರಿದ ನಂತರ ಗುಡಿಸಿ ಮುಚ್ಚಿದ ಡಬ್ಬದಲ್ಲಿ ಸಂಗ್ರಹಿಸತಕ್ಕದ್ದು. ಅದರ ಬಳಿ ಬೆಂಕಿ ಹಚ್ಚಕೂಡದು. ಬಳಸಿದ ಎಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಒಳಪಡುತ್ತದೆ. ಅದನ್ನು ಚರಂಡಿಗೆ ಬಿಡದೆ, ಅಧಿಕೃತ ಮರುಬಳಕೆದಾರರಿಗೇ ನೀಡಿ ರಸೀದಿ ಪಡೆಯಲು ಗ್ಯಾರೇಜು ಮಾಲೀಕರನ್ನು ಕೋರಲಾಗಿದೆ. ಹಾನಿಗೊಂಡ ರಸ್ತೆಯ ಬಗ್ಗೆ ದೂರು ನೀಡುವವರು ಸ್ಥಳದ ಗುರುತಿನೊಂದಿಗೆ ಎಣ್ಣೆ ಬಿದ್ದಿರುವುದನ್ನೂ ನಮೂದಿಸುವುದು. ಮೆದುವಾದ ಪದರವನ್ನು ಕಿತ್ತುಹಾಕದೆ ಮೇಲೆ ತೇಪೆ ಹಾಕಿದರೆ ಅದು ನಿಲ್ಲುವುದಿಲ್ಲ.