ಹಗೇವು, ಹೇರು, ಸುದ್ದಿ

'ಬಂಜಾರ' ಎಂಬ ಶಬ್ದಕ್ಕೆ ವಾಣಿಜ್ಯದ ಮೂಲವನ್ನೂ 'ಲಂಬಾಣಿ' ಎಂಬುದಕ್ಕೆ ಲವಣದ ಮೂಲವನ್ನೂ ಹೇಳುವುದುಂಟು. ವ್ಯುತ್ಪತ್ತಿಯ ಚರ್ಚೆ ಹೇಗೇ ಇರಲಿ, ಎರಡು ಹೆಸರುಗಳೂ ಒಂದೇ ಕಸುಬನ್ನು ಬೆರಳಿಟ್ಟು ತೋರಿಸುತ್ತವೆ. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತ ಇಂದು ತಾಂಡಾಗಳಲ್ಲಿ ನೆಲೆಸಿರುವ ಈ ಜನರ ಪೂರ್ವಿಕರು ಒಂದು ಕಾಲಕ್ಕೆ ದಖ್ಖನಿನ ಸರಕನ್ನು ಹೇರೆತ್ತುಗಳ ಬೆನ್ನ ಮೇಲೆ ಸಾಗಿಸಿದವರು. ಇಂದಿನ ವಾಣಿಜ್ಯಶಾಸ್ತ್ರವು 'ಪೂರೈಕೆಯ ಸರಪಳಿ' ಎಂದು ಹೆಸರಿಟ್ಟು ಬೋಧಿಸುವ ವಿದ್ಯೆ ಅವರಿಗೆ ಕರತಲಾಮಲಕವಾಗಿತ್ತು.

ಅವರು ಬರಿಯ ಹೊರೆಯಾಳುಗಳಲ್ಲ. ಕರಾವಳಿಯಿಂದ ಉಪ್ಪು ತರುವರು, ಒಳನಾಡಿನಿಂದ ಕಾಳು ಒಯ್ಯುವರು. ಅಗ್ಗವಿದ್ದಲ್ಲಿ ಕೊಂಡು ತುಟ್ಟಿಯಿದ್ದಲ್ಲಿ ಮಾರುವರು. ಹೇರಿನೊಡನೆ ಧಾರಣೆಯ ಸುದ್ದಿಯೂ ಅವರ ಕೈಯಲ್ಲಿತ್ತು. 1791ರಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದ ಕಾರ್ನ್‌ವಾಲಿಸನು ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ದಂಡಿಗೆ ಅನ್ನವಿರಲಿಲ್ಲ, ಎಳೆಯುವ ಎತ್ತುಗಳು ಸತ್ತಿದ್ದುವು. ಮರುವರ್ಷ ಅವನು ಮರಳಿ ಬಂದಾಗ ಪಾಳೆಯಕ್ಕೆ ಧಾನ್ಯ ಮುಟ್ಟಿಸಿದವರಲ್ಲಿ ಬಂಜಾರರು ಪ್ರಮುಖರು.

1871ರಲ್ಲಿ ಮುಂಬಯಿಯ ಕಡೆಯ ರೈಲುಹಾದಿ ಯಾದಗಿರಿಯನ್ನು ಹಾದು ರಾಯಚೂರು ಮುಟ್ಟಿ, ಮದರಾಸಿನ ಹಾದಿಯೊಡನೆ ಕೂಡಿತು. ಎತ್ತಿನ ಸಾಲು ವಾರಗಟ್ಟಲೆ ನಡೆಯುವ ದಾರಿಯನ್ನು ಉಗಿಬಂಡಿ ಒಂದೆರಡು ದಿನಗಳಲ್ಲಿ ಕ್ರಮಿಸಿತು. ಯಾದಗಿರಿ ಪೇಟೆಯಾಗಿ ಬೆಳೆಯಿತು. ನಾಯಕ ಅರಸರ ಸುರಪುರವೂ ಕೋಟೆಯ ಶಹಾಪುರವೂ ಹಳಿಯಿಂದ ದೂರವೇ ಉಳಿದುವು. ಹೇರು ಇಳಿಸಿದ ಲಂಬಾಣಿಗೆ ಹೊಸ ವ್ಯವಸ್ಥೆಯಲ್ಲಿ ಎಡೆಯಿರಲಿಲ್ಲ. ಅದೇ 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯಾದರೋ ಮುಂದೆ ಕೆಲವು ಪ್ರಾಂತಗಳಲ್ಲಿ ಅವನ ಹಣೆಗೂ ಕಳಂಕ ಹಚ್ಚಿತು. ಅದು ರದ್ದಾದುದು 1952ರಲ್ಲಿ. ಇಂದು ಬೇಸಗೆ ಬಂತೆಂದರೆ ತಾಂಡಾಗಳ ಜನ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಸರಕು ಸಾಗಿಸಿದವರ ಮಕ್ಕಳು ತಾವೇ ಸಾಗಿಹೋಗುವಂತಾಗಿದೆ.

ಹಾದಿ ಚುರುಕಾದುದರಿಂದ ಬೆಳೆದವನಾದರೂ ಗೆದ್ದನೇ? ಈ ಸೀಮೆಯ ತೊಗರಿಯ ಕಥೆಯನ್ನು ನೋಡಬಹುದು. 2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಗಳ ಆಸುಪಾಸಿಗೆ ಏರಿತು. ಆ ಬೆಲೆಯನ್ನು ನಂಬಿ ರೈತನು 2016ರ ಮುಂಗಾರಿನಲ್ಲಿ ಹೆಚ್ಚು ತೊಗರಿ ಬಿತ್ತಿದನು. ಅದೇ ಜುಲೈಯಲ್ಲಿ ಭಾರತವು ಆಫ್ರಿಕದ ಮೊಜಾಂಬಿಕಿನಿಂದ ಬೇಳೆಕಾಳು ತರಿಸುವ ಒಪ್ಪಂದ ಮಾಡಿಕೊಂಡಿತು. 2017ರ ಆರಂಭದಲ್ಲಿ ರಾಶಿ ಪೇಟೆಗೆ ಬಂದಾಗ ಧಾರಣೆ ಕ್ವಿಂಟಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ಆಮದಿಗೆ ಮಿತಿ ಬಿದ್ದುದು ಆ ಆಗಸ್ಟಿನಲ್ಲಿ, ಕೊಯ್ಲು ಮುಗಿದು ಆರೇಳು ತಿಂಗಳಾದ ಮೇಲೆ. ಸರಪಳಿ ಸಮುದ್ರ ದಾಟಿ ಬೆಳೆದಿತ್ತು. ಅದರ ಸುದ್ದಿ ಹೊಲವನ್ನು ಮುಟ್ಟಿದುದು ಎಲ್ಲಕ್ಕಿಂತ ಕಡೆಗೆ.

ವ್ಯಾಪಾರದ ಗಾಳಿ ಆಗಾಗ ದಿಕ್ಕು ಬದಲಿಸುವುದು ಸಹಜ. ಅದನ್ನು ತಡೆದುಕೊಳ್ಳಲು ಮೂರು ಬಲಗಳು ಬೇಕು: ಕಾಯುವ ಬಲ, ಸಾಗಿಸುವ ಬಲ, ತಿಳಿಯುವ ಬಲ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚುತ್ತಿದ್ದುದು ಕಾಯುವ ಬಲಕ್ಕಾಗಿಯೇ. ಇಂದು ಕೃಷಿ ಮಾರುಕಟ್ಟೆಗಳಲ್ಲಿ ಗಣಕಯಂತ್ರದ ಟೆಂಡರ್ ಇದೆ. ದೂರದೂರಿನ ವರ್ತಕನೂ ಅಲ್ಲಿ ಬೆಲೆ ಕೂಗಬಲ್ಲನು. ಉಗ್ರಾಣದಲ್ಲಿ ಕಾಳಿಟ್ಟು ಅಡಮಾನ ಸಾಲ ಪಡೆಯುವ ಏರ್ಪಾಡೂ ಉಂಟು. ಗದಗ–ವಾಡಿ ರೈಲುಮಾರ್ಗದ ನಕ್ಷೆಯಲ್ಲಿ ಸುರಪುರ, ಶಹಾಪುರಗಳ ಹೆಸರೂ ಇದೆ. ಆದರೆ ಸಾಲದ ಕಂತಿಗೆಂದು ರಾಶಿಯ ಮರುದಿನವೇ ಚೀಲ ಹೊಲಿದು ಅಡತಿ ಅಂಗಡಿಗೆ ಒಯ್ಯಬೇಕಾದವನಿಗೆ ಇವೆಲ್ಲ ಇದ್ದೂ ಇಲ್ಲದಂತೆ.

ಆದ್ದರಿಂದ ಹಳಿ ಬರುವ ಮೊದಲೇ ಹಗೇವು ಬರಲಿ. ಊರೂರಿಗೆ ಉಗ್ರಾಣ, ಅಲ್ಲಿಟ್ಟ ಕಾಳಿನ ಮೇಲೆ ಸುಲಭದ ಸಾಲ, ಬಿತ್ತನೆಗೆ ಮುನ್ನವೇ ಆಮದಿನ ಸುದ್ದಿ, ಇಷ್ಟು ದೊರೆತರೆ ರೈತನು ಬೆಲೆಗಾಗಿ ನಾಲ್ಕು ತಿಂಗಳು ಕಾಯಬಲ್ಲನು. ಹಾಗಿಲ್ಲದೆ ಹೊಸ ಹಾದಿಯೊಂದೇ ಬಂದರೆ, ಅಂದು ಹೇರು ಕಳೆದುಕೊಂಡ ಲಂಬಾಣಿಯ ಪಾಡು ನಾಳೆ ಬೆಳೆದವನದೂ ಆದೀತು.