‘ಎರಡು ಗೋಪುರಗಳು’: ಪ್ರೇಕ್ಷಕನ ತೀರ್ಪು ಮತ್ತು ಪ್ರಶಸ್ತಿಯ ಪಟ್ಟಿ

ಮೂರು ಭಾಗಗಳಲ್ಲಿ ಹಬ್ಬಿದ ಕಥೆಯೊಂದರ ನಡುವಣ ಭಾಗವನ್ನು ಪ್ರತ್ಯೇಕವಾಗಿ ತೂಗಿ ನೋಡುವುದು ಸುಲಭವಲ್ಲ. ಅದಕ್ಕೆ ತನ್ನದೇ ಆದ ಆದಿಯಿಲ್ಲ, ಅಂತ್ಯವೂ ಇಲ್ಲ. 2002ರ ಡಿಸೆಂಬರಿನಲ್ಲಿ ತೆರೆಕಂಡ ‘ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಟೂ ಟವರ್ಸ್’ ಎಂಬ ಇಂಗ್ಲಿಷ್ ಚಲಚ್ಚಿತ್ರ ಎದುರಿಸಿದ್ದು ಈ ತೊಡಕನ್ನೇ. ಚಿತ್ರಮಂದಿರದಿಂದ ಹೊರಬಂದ ಪ್ರೇಕ್ಷಕ ಒಂದು ತೀರ್ಪು ನೀಡಿದ. ಅಮೆರಿಕದ ಆಸ್ಕರ್ ಪ್ರಶಸ್ತಿಯ ನಾಮನಿರ್ದೇಶನ ಪಟ್ಟಿ ಬೇರೊಂದನ್ನು ನೀಡಿತು. ಇವೆರಡೂ ಏಕೆ ಹೊಂದಿಬರಲಿಲ್ಲ ಎಂಬುದನ್ನು ಅರಿಯಲು ಕೃತಿಯ ಸ್ವರೂಪವನ್ನೂ ಪ್ರಶಸ್ತಿಯ ಪದ್ಧತಿಯನ್ನೂ ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ.

ಮೂಲ ಕಾದಂಬರಿಯ ಕರ್ತೃ ಜೆ. ಆರ್. ಆರ್. ಟೋಲ್ಕೀನ್ (1892–1973) ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ಪ್ರಾಚೀನ ಇಂಗ್ಲಿಷಿನಲ್ಲಿ ಆಳವಾದ ಪಾಂಡಿತ್ಯವುಳ್ಳವರು. ಒಂದೇ ಕಾದಂಬರಿಯೆಂದು ಅವರು ಬರೆದುದನ್ನು, ಕಾಗದ ಮತ್ತು ಮುದ್ರಣದ ವೆಚ್ಚಕ್ಕೆ ಅಂಜಿ ಪ್ರಕಾಶಕರು 1954–55ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. ನಡುವಣ ಸಂಪುಟ ಹೀಗೆ ಅಚ್ಚುಕೂಟದ ಅನುಕೂಲದಿಂದ ಹುಟ್ಟಿತೇ ಹೊರತು ಕಥೆಯ ಅಗತ್ಯದಿಂದಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ ಮೂರೂ ಚಿತ್ರಗಳನ್ನು 1999–2000ರಲ್ಲಿ ನ್ಯೂಜಿಲೆಂಡಿನಲ್ಲಿ ಒಟ್ಟಿಗೆ ಚಿತ್ರೀಕರಿಸಿ, ವರ್ಷಕ್ಕೊಂದರಂತೆ ಬಿಡುಗಡೆ ಮಾಡಿದರು.

ಎರಡನೆಯ ಚಿತ್ರ ಹಿಂದಿನ ಕಥೆಯನ್ನು ಜ್ಞಾಪಿಸುವ ಗೋಜಿಗೇ ಹೋಗುವುದಿಲ್ಲ. ಮೊದಲ ಚಿತ್ರ ನೋಡದವನಿಗೆ ಇಲ್ಲಿ ಪ್ರವೇಶವಿಲ್ಲವೆಂದೇ ಹೇಳಬೇಕು. ಪುಸ್ತಕದಲ್ಲಿ ಒಂದು ತಂಡದ ವೃತ್ತಾಂತ ಪೂರ್ತಿಯಾದ ಬಳಿಕ ಇನ್ನೊಂದರದು ಮೊದಲಾಗುತ್ತದೆ. ಚಿತ್ರದಲ್ಲಿ ಅವು ಹೆಣೆದುಕೊಂಡು ಸಾಗುತ್ತವೆ. ಇದು ಜಾಣತನದ ಮಾರ್ಪಾಡು. ಪುಸ್ತಕದಲ್ಲಿ ಒಂದೇ ಅಧ್ಯಾಯದಷ್ಟಿರುವ ಹೆಲ್ಮ್ಸ್ ಡೀಪ್ ಕೋಟೆಯ ಕಾಳಗ ತೆರೆಯ ಮೇಲೆ ಮಹಾಯುದ್ಧವಾಗಿ ಬೆಳೆದಿರುವುದನ್ನೂ ಒಪ್ಪಬಹುದು. ಆದರೆ ಫಾರಮಿರ್ ಎಂಬ ಸೇನಾನಿಯ ಪಾತ್ರಕ್ಕೆ ಆದ ಬದಲಾವಣೆಯನ್ನು ಕಾದಂಬರಿಯ ಅಭಿಮಾನಿಗಳು ಕ್ಷಮಿಸಲಿಲ್ಲ. ಮೂಲದಲ್ಲಿ ಆತ ಲೋಕವನ್ನೇ ಕೆಡಿಸಬಲ್ಲ ಉಂಗುರ ಕೈಗೆಟಕುವಂತಿದ್ದರೂ ಆಶೆಪಡದೆ ಫ್ರೋಡೋನನ್ನು ಕಳುಹಿಸಿಕೊಡುವ ಸಜ್ಜನ. ಚಿತ್ರದಲ್ಲಿ ಆ ಉಂಗುರದೊಂದಿಗೆ ಫ್ರೋಡೋನನ್ನು ತನ್ನ ನಾಡಿನತ್ತ ಎಳೆದೊಯ್ದು, ಅನಂತರ ಮನಸ್ಸು ಬದಲಿಸುವವನು. ನಾಟಕೀಯತೆ ಗಳಿಸಲು ಒಬ್ಬ ನಿರ್ಲೋಭಿಯನ್ನು ಕಳೆದುಕೊಂಡಂತಾಯಿತು. ಈ ಆಕ್ಷೇಪಣೆಯಲ್ಲಿ ಹುರುಳಿದೆ.

ಚಿತ್ರದ ನಿಜವಾದ ಸಾಧನೆ ಗಾಲಮ್. ಉಂಗುರದ ಮೋಹದಲ್ಲಿ ನೂರಾರು ವರ್ಷ ಬೆಂದು ಸೊರಗಿದ ಈ ಜೀವಿ ಪೂರ್ತಿಯಾಗಿ ಗಣಕಯಂತ್ರದಲ್ಲಿ ರೂಪುಗೊಂಡ ಆಕೃತಿ. ಕೇವಲ ಧ್ವನಿ ನೀಡಲೆಂದು ಬಂದ ನಟ ಆಂಡಿ ಸರ್ಕಿಸ್ ಅವರ ಆಂಗಿಕವನ್ನು ಕಂಡ ಬಳಿಕ, ಗಾಲಮ್‌ನ ಮುಖವನ್ನೇ ಅವರ ಮುಖಕ್ಕೆ ಅನುಗುಣವಾಗಿ ತಿದ್ದಲಾಯಿತು. ಅವರ ದೇಹದ ಚಲನೆಯನ್ನು ಯಂತ್ರ ದಾಖಲಿಸಿಕೊಂಡಿತು. ಮುಖದ ಭಾವಗಳನ್ನು ಚಿತ್ರಕಾರರು ಅವರ ಅಭಿನಯವನ್ನು ನೋಡಿ ನೋಡಿ ಮೂಡಿಸಿದರು. ಒಂದೇ ಒಡಲಿನಲ್ಲಿ ಸಾಧುವೂ ದುಷ್ಟನೂ ವಾದಕ್ಕೆ ನಿಲ್ಲುವ ದೃಶ್ಯವನ್ನು ನೋಡಿದವರಿಗೆ ಇದು ಅಭಿನಯವೋ ಚಿತ್ರಕಲೆಯೋ ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ. ಪ್ರಶಸ್ತಿ ನೀಡುವವರಿಗಾದರೋ ಹೊಳೆಯಲೇಬೇಕು.

2003ರ ಆಸ್ಕರ್ ಪಟ್ಟಿಯಲ್ಲಿ ಈ ಚಿತ್ರಕ್ಕೆ ಆರು ನಾಮನಿರ್ದೇಶನಗಳು ದೊರೆತವು: ಅತ್ಯುತ್ತಮ ಚಿತ್ರ, ಕಲಾನಿರ್ದೇಶನ, ಸಂಕಲನ, ಧ್ವನಿ, ಧ್ವನಿ ಸಂಕಲನ ಮತ್ತು ದೃಶ್ಯ ಚಮತ್ಕಾರ. ಹಿಂದಿನ ವರ್ಷ ಮೊದಲ ಭಾಗಕ್ಕೆ ದೊರೆತಿದ್ದು ಹದಿಮೂರು. ಅದೇ ನಿರ್ದೇಶಕ, ಅದೇ ಛಾಯಾಗ್ರಾಹಕ, ಅದೇ ಚಿತ್ರೀಕರಣ. ಪಟ್ಟಿ ಮಾತ್ರ ಅರ್ಧಕ್ಕಿಂತ ಕಿರಿದು. ಪ್ರೇಕ್ಷಕನಿಗೆ ಸೋಜಿಗವಾದುದರಲ್ಲಿ ತಪ್ಪಿಲ್ಲ.

ಇದಕ್ಕೆ ವಿವರಣೆ ಪದ್ಧತಿಯಲ್ಲಿದೆ. 1927ರಲ್ಲಿ ಸ್ಥಾಪಿತವಾದ ಅಕಾಡೆಮಿ ವೃತ್ತಿವಾರು ಶಾಖೆಗಳಾಗಿ ವಿಂಗಡಣೆಗೊಂಡಿದೆ. ನಟರನ್ನು ನಟರು, ನಿರ್ದೇಶಕರನ್ನು ನಿರ್ದೇಶಕರು ನಾಮನಿರ್ದೇಶನ ಮಾಡುತ್ತಾರೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲ ಶಾಖೆಗಳ ಸದಸ್ಯರಿಗೂ ಅಧಿಕಾರವುಂಟು. ಆ ವರ್ಷ ಅತ್ಯುತ್ತಮ ಚಿತ್ರದ ಐದು ಸ್ಥಾನಗಳಲ್ಲಿದ್ದ ನಾಲ್ಕು ಚಿತ್ರಗಳ ನಿರ್ದೇಶಕರೂ ನಿರ್ದೇಶಕರ ಪಟ್ಟಿಯಲ್ಲಿದ್ದರು. ಹೊರಗುಳಿದವರು ಜಾಕ್ಸನ್ ಒಬ್ಬರೇ. ಆ ಸ್ಥಾನ ಸ್ಪೇನಿನ ಪೆದ್ರೋ ಅಲ್ಮೊದೋವರ್ ಅವರಿಗೆ ಸಂದಿತು. ಒಟ್ಟು ಸದಸ್ಯರು ಮೆಚ್ಚಿದ್ದನ್ನು ಒಂದು ಶಾಖೆ ಮೆಚ್ಚದಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಮೂರನೆಯ ಭಾಗ ಹೇಗೂ ಬರಲಿದೆ, ಆಗ ಒಟ್ಟಾಗಿ ಗೌರವಿಸಿದರಾಯಿತೆಂಬ ಭಾವನೆಯೂ ಮತದಾರರಲ್ಲಿ ಇದ್ದಿತೆಂದು ಅನೇಕರು ಊಹಿಸಿದ್ದಾರೆ. ಹವರ್ಡ್ ಶೋರ್ ಅವರ ಸಂಗೀತಕ್ಕಂತೂ ಮತ್ತೊಂದು ಅಡ್ಡಿ: ಹಿಂದಿನ ಚಿತ್ರದ ಸ್ವರಸಂದರ್ಭಗಳು ಮರುಕಳಿಸುವ ರಚನೆ ‘ಸ್ವತಂತ್ರ’ವೇ ಎಂಬ ಜಿಜ್ಞಾಸೆ ಎದ್ದಿತು. ಅರ್ಹವೆಂದು ಅಕಾಡೆಮಿ ಒಪ್ಪಿದರೂ ಪಟ್ಟಿಯಲ್ಲಿ ಅದಕ್ಕೆ ಎಡೆ ಸಿಗಲಿಲ್ಲ. ಮೊದಲ ಹಾಗೂ ಮೂರನೆಯ ಭಾಗಗಳ ಸಂಗೀತಕ್ಕೆ ಅವರಿಗೇ ಪ್ರಶಸ್ತಿ ಬಂದಿದೆ ಎಂಬುದನ್ನು ನೆನೆದರೆ ಈ ನಡುವಣ ಮೌನ ವಿಚಿತ್ರವೇ ಸರಿ.

ಆರರಲ್ಲಿ ಕೈಗೆ ಬಂದದ್ದು ಎರಡು: ದೃಶ್ಯ ಚಮತ್ಕಾರ ಮತ್ತು ಧ್ವನಿ ಸಂಕಲನ. ಎರಡನೆಯದು ಸಾಮಾನ್ಯ ಪ್ರೇಕ್ಷಕನ ಗಮನಕ್ಕೆ ಬಾರದ ಕಾಯಕ. ಕೋಟೆಯ ಮುಂದೆ ನೆರೆದ ರಾಕ್ಷಸ ಸೈನ್ಯದ ಆರ್ಭಟವನ್ನು ಎಲ್ಲಿಂದ ತರುವುದು? ವೆಲಿಂಗ್ಟನ್ ನಗರದಲ್ಲಿ ಕ್ರಿಕೆಟ್ ಪಂದ್ಯವೊಂದರ ವಿರಾಮದಲ್ಲಿ ಜಾಕ್ಸನ್ ಮೈದಾನಕ್ಕಿಳಿದು, ಸುಮಾರು 25,000 ಪ್ರೇಕ್ಷಕರಿಂದ ಕೃತಕ ಭಾಷೆಯ ರಣಘೋಷವನ್ನು ಕೂಗಿಸಿ, ಎದೆ ಬಡಿಸಿ, ಕಾಲು ಅಪ್ಪಳಿಸಿ ಧ್ವನಿಮುದ್ರಿಸಿಕೊಂಡರು. ತೆರೆಯ ಮೇಲೆ ಗುಡುಗುವುದು ಆ ಜನರ ದನಿ. ಚಿತ್ರ ಮೆಚ್ಚಿದವರಲ್ಲಿ ಇದನ್ನು ಬಲ್ಲವರು ವಿರಳ. ಈ ವಿಷಯದಲ್ಲಿ ಪಟ್ಟಿಯೇ ಪ್ರೇಕ್ಷಕನಿಗಿಂತ ಸೂಕ್ಷ್ಮವಾಗಿತ್ತು.

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇಂಥ ಪಟ್ಟಿಯ ಪ್ರಕಟಣೆಯಿಲ್ಲ. ತೀರ್ಪುಗಾರರ ಮಂಡಳಿ ನೇರವಾಗಿ ಫಲಿತಾಂಶವನ್ನು ಸಾರುತ್ತದೆ. 1970ರ ‘ಸಂಸ್ಕಾರ’ ಅತ್ಯುತ್ತಮ ಚಿತ್ರವೆನಿಸಿದ್ದು ಹಾಗೆಯೇ. ಗೆದ್ದವರು ತಿಳಿಯುತ್ತಾರೆ, ಸನಿಹಕ್ಕೆ ಬಂದವರು ತಿಳಿಯುವುದಿಲ್ಲ. ನಾಮನಿರ್ದೇಶನ ಪದ್ಧತಿ ವಿವಾದಕ್ಕೆ ಎಡೆಮಾಡುತ್ತದೆ, ನಿಜ. ಆದರೆ ಪ್ರೇಕ್ಷಕನಿಗೂ ವಾದಿಸಲು ಒಂದು ನೆಲೆ ಒದಗಿಸುತ್ತದೆ.

2004ರ ಫೆಬ್ರವರಿ 29ರಂದು ಮೂರನೆಯ ಭಾಗ ತನಗೆ ದೊರೆತ ಹನ್ನೊಂದು ನಾಮನಿರ್ದೇಶನಗಳಲ್ಲಿ ಹನ್ನೊಂದನ್ನೂ ಗೆದ್ದು ‘ಬೆನ್‌ಹರ್’ ಮತ್ತು ‘ಟೈಟಾನಿಕ್’ಗಳ ದಾಖಲೆಯನ್ನು ಸರಿಗಟ್ಟಿತು. ಅದ್ಭುತ ಕಥಾವಸ್ತುವಿನ ಚಿತ್ರವೊಂದು ಅತ್ಯುತ್ತಮ ಚಿತ್ರವೆನಿಸಿದ್ದು ಅದೇ ಮೊದಲು. ಆ ಹನ್ನೊಂದರಲ್ಲಿ ಅಭಿನಯಕ್ಕೆ ಸಂದದ್ದು ಒಂದೂ ಇಲ್ಲ. ಗಾಲಮ್‌ನಂಥ ಪಾತ್ರವನ್ನು ಅಭಿನಯವೆಂದು ಎಣಿಸಿ ಆಸ್ಕರ್‌ನ ನಟವರ್ಗ ಇಂದಿಗೂ ನಾಮನಿರ್ದೇಶನ ಮಾಡಿಲ್ಲ. ಸರ್ಕಿಸ್ ಅವರನ್ನು 2020ರಲ್ಲಿ ಬ್ರಿಟಿಷ್ ಚಲನಚಿತ್ರಕ್ಕೆ ಸಲ್ಲಿಸಿದ ವಿಶಿಷ್ಟ ಕೊಡುಗೆಗಾಗಿ ಅಲ್ಲಿನ ಅಕಾಡೆಮಿ ಗೌರವಿಸಿತು.