ದೀರ್ಘಕಾಲದ ಪ್ರತಿಜೈವಿಕ ಚಿಕಿತ್ಸೆಯಲ್ಲಿ ಯೀಸ್ಟ್ ಸೋಂಕು

ಬೀದರ್, ಕಲಬುರಗಿ ಸೀಮೆಯ ಜನರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ದೊಡ್ಡ ಕಾಯಿಲೆ ಬಂದಾಗ ಆ ನಗರದ ಆಸ್ಪತ್ರೆಗಳನ್ನು ಆಶ್ರಯಿಸುವ ರೂಢಿ ಅಲ್ಲಿ ಹಳೆಯದು. ಎರ್ರಗಡ್ಡದ ಸರ್ಕಾರಿ ಎದೆರೋಗ ಆಸ್ಪತ್ರೆಯಂತಹ ಕಡೆ ಕ್ಷಯರೋಗಕ್ಕೆ ನೀಡುವ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳಿನದು. ಔಷಧಿಗೆ ಬಗ್ಗದ ಕ್ಷಯವಾದರೆ ಕೆಲವರಿಗೆ ಇನ್ನೂ ದೀರ್ಘಕಾಲ ಬೇಕಾಗುತ್ತದೆ. ಈ ಅವಧಿಯ ನಡುವೆ ಕೆಲವರ ನಾಲಿಗೆಯ ಮೇಲೆ ಬಿಳಿಯ ಪದರ ಕಟ್ಟಿ, ಊಟ ಮಾಡುವಾಗ ಬಾಯಿ ಉರಿಯತೊಡಗುತ್ತದೆ. ರೋಗಿಯು ಇದನ್ನು ಮಾತ್ರೆಯ ‘ಉಷ್ಣ’ವೆಂದು ಭಾವಿಸಿ ಕ್ಷಯದ ಔಷಧಿಯನ್ನೇ ನಿಲ್ಲಿಸಿಬಿಡುವ ಸಂಭವವಿದೆ. ಬಾಯಿಯ ಬಿಳಿಪದರವು ಹೆಚ್ಚಿನವರಲ್ಲಿ ಸುಲಭವಾಗಿ ವಾಸಿಯಾಗುವಂತಹುದು. ಅರ್ಧಕ್ಕೆ ಬಿಟ್ಟ ಕ್ಷಯ ಚಿಕಿತ್ಸೆಯಾದರೋ ಔಷಧಿಗೆ ಬಗ್ಗದ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ.

ಈ ಪದರಕ್ಕೆ ಕಾರಣ ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ. ಆರೋಗ್ಯವಂತರ ಬಾಯಿ, ಕರುಳು ಹಾಗೂ ಸ್ತ್ರೀಯರ ಜನನಾಂಗದಲ್ಲಿಯೂ ಇದು ಸ್ವಲ್ಪ ಪ್ರಮಾಣದಲ್ಲಿ ವಾಸವಾಗಿರುತ್ತದೆ. ಅದೇ ಜಾಗಗಳಲ್ಲಿ ನೆಲೆಸಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಆಹಾರಕ್ಕೂ ಸ್ಥಳಕ್ಕೂ ಅದರೊಡನೆ ಸ್ಪರ್ಧಿಸಿ ಅದನ್ನು ಹದ್ದಿನಲ್ಲಿಡುತ್ತವೆ. ಪ್ರತಿಜೈವಿಕ ಔಷಧಿಯು ರೋಗಾಣುವಿನ ಜೊತೆಗೆ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಯೀಸ್ಟನ್ನು ಮಾತ್ರ ಮುಟ್ಟುವುದಿಲ್ಲ. ಹೊಲದ ಒಡೆಯರಿಲ್ಲದಾಗ ಕಳೆ ಬೆಳೆಯುವಂತೆ ಅದು ಬೆಳೆಯುತ್ತದೆ.

ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗ, 1948ರಲ್ಲಿ, ಆರಿಯೊಮೈಸಿನ್ ಎಂಬ ಬಹುವ್ಯಾಪಿ ಪ್ರತಿಜೈವಿಕವು ಹೊರಬಂದಿತು. ಇಂತಹ ಔಷಧಿಗಳ ಬಳಕೆ ಹೆಚ್ಚಿದಂತೆ ಯೀಸ್ಟ್ ಸೋಂಕಿನ ತೊಂದರೆಯೂ ವೈದ್ಯರ ಗಮನಕ್ಕೆ ಬಂದಿತು. 1950ರಲ್ಲಿ ಎಲಿಜಬೆತ್ ಹೇಜೆನ್ ಮತ್ತು ರೇಚಲ್ ಬ್ರೌನ್ ಎಂಬ ಮಹಿಳಾ ವಿಜ್ಞಾನಿಗಳು ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ಕನ್ನಡನಾಡಿನ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅವರ ತಂಡವು ಹ್ಯಾಮೈಸಿನ್ ಎಂಬ ಇಂತಹುದೇ ಔಷಧಿಯನ್ನು ರೂಪಿಸಿದ್ದು ಹೆಮ್ಮೆಯ ಸಂಗತಿ.

ಗುರುತಿಸುವ ಬಗೆ

ಒಡೆದ ಹಾಲಿನ ಗಟ್ಟಿಯಂತಹ ಬಿಳಿ ಮಚ್ಚೆಗಳು ನಾಲಿಗೆ, ಕೆನ್ನೆಯ ಒಳಭಾಗ ಹಾಗೂ ಅಂಗುಳಿನಲ್ಲಿ ಕಾಣುತ್ತವೆ. ಮೆಲ್ಲಗೆ ಒರೆಸಿದರೆ ಅಡಿಯಲ್ಲಿ ಕೆಂಪು ಜಾಗ ತೋರುತ್ತದೆ. ಸ್ತ್ರೀಯರಲ್ಲಿ ಜನನಾಂಗದ ತುರಿಕೆ, ಉರಿ ಹಾಗೂ ಗಟ್ಟಿ ಬಿಳಿ ಸ್ರಾವ ಇರಬಹುದು. ಸಂಕೋಚದಿಂದ ಇದನ್ನು ಮುಚ್ಚಿಡುವವರೇ ಹೆಚ್ಚು. ಆರೋಗ್ಯ ಕಾರ್ಯಕರ್ತೆಗೆ ಹೇಳಿದರೆ ಸಾಕು. ಆದರೆ ಬಾಯಿಯ ಎಲ್ಲ ಹುಣ್ಣೂ ಯೀಸ್ಟಿನದಲ್ಲ. ನಾಲಿಗೆ ಕೆಂಪಾಗಿ ನುಣುಪಾಗುವುದು, ತುಟಿಯ ಮೂಲೆ ಸೀಳುವುದು ಬಿ ಗುಂಪಿನ ಜೀವಸತ್ವಗಳ ಕೊರತೆಯಿಂದಲೂ ಬರುತ್ತದೆ.

ಮಧುಮೇಹ, ಅಪೌಷ್ಟಿಕತೆ, ಎಚ್‌ಐವಿ ಸೋಂಕು, ಸ್ಟೀರಾಯ್ಡ್ ಬಳಕೆ, ಕೃತಕ ದಂತ, ಗರ್ಭಾವಸ್ಥೆ ಇವುಗಳಲ್ಲಿ ಯೀಸ್ಟ್ ಬೇಗ ಹಬ್ಬುತ್ತದೆ. ಇಲ್ಲಿ ಮಧುಮೇಹದ ಮಾತು ವಿಶೇಷವಾಗಿ ಹೇಳತಕ್ಕದ್ದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ಯಕೃತ್ತಿನಲ್ಲಿ ಬೇಗ ವಿಭಜಿಸಿ ಅವುಗಳ ಪ್ರಭಾವವನ್ನು ಕುಂದಿಸುತ್ತದೆ. ರಕ್ತದ ಸಕ್ಕರೆ ಏರುತ್ತದೆ, ಏರಿದ ಸಕ್ಕರೆಯು ಯೀಸ್ಟಿಗೆ ಅನುಕೂಲವಾಗುತ್ತದೆ. ಆದುದರಿಂದ ಬಿಳಿಪದರ ಕಂಡವರು ಸಕ್ಕರೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದು ಒಳಿತು.

ಚಿಕಿತ್ಸೆ

ಬಾಯಿಯ ಸಾಧಾರಣ ಸೋಂಕಿಗೆ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್‌ನಂತಹ, ಬಾಯಿಯಲ್ಲಿಯೇ ಕೆಲಸ ಮಾಡುವ ಔಷಧಿಯನ್ನು ವೈದ್ಯರು ಮೊದಲು ಸೂಚಿಸುತ್ತಾರೆ. ಊಟದ ನಂತರ ಹಚ್ಚಿಕೊಂಡು ಅಥವಾ ಬಾಯಲ್ಲಿಟ್ಟುಕೊಂಡು, ಅನಂತರ ಸುಮಾರು ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ಬಿಳಿಪದರ ಮಾಯವಾದ ಕೂಡಲೇ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ಕೃತಕ ದಂತವನ್ನು ರಾತ್ರಿ ತೆಗೆದಿಟ್ಟು ತೊಳೆಯಬೇಕು. ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸಬೇಕು.

ಔಷಧಿ ಅಂಗಡಿಯಲ್ಲಿ ತಾವೇ ಫ್ಲುಕೊನಜೋಲ್ ಮಾತ್ರೆ ಕೇಳಿ ಪಡೆಯುವುದು ಸಲ್ಲದು. ರಿಫಾಂಪಿಸಿನ್ ಜೊತೆಯಲ್ಲಿ ಅದರ ಮಟ್ಟ ರಕ್ತದಲ್ಲಿ ತಗ್ಗುವುದರಿಂದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಔಷಧಿಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಪಡೆಯುತ್ತಿರುವವರಲ್ಲಿ ಇವೆರಡೂ ಸೇರಿ ಹೃದಯದ ಲಯವನ್ನು ಕೆಡಿಸುವ ಅಪಾಯವಿದೆ. ಗರ್ಭಿಣಿಯರೂ ಈ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಸೇವಿಸಕೂಡದು. ತುರಿಕೆಗೆಂದು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತತ್ಕಾಲಕ್ಕೆ ತುರಿಕೆ ಅಡಗಿದರೂ ಶಿಲೀಂಧ್ರ ಹಬ್ಬುವುದುಂಟು.

ಮೊಸರು, ಮಜ್ಜಿಗೆಯನ್ನು ಊಟದಲ್ಲಿ ಬಳಸಲು ಅಡ್ಡಿಯಿಲ್ಲ. ಆದರೆ ಅದು ಔಷಧಿಗೆ ಬದಲಲ್ಲ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಸೇವಿಸುವವರು ಅವನ್ನು ಹಾಲು ಮೊಸರಿನೊಡನೆ ತೆಗೆದುಕೊಂಡರೆ ಔಷಧಿ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ಅಂತರವಿರಬೇಕು. ಬಾಯಿ ಉರಿಯುವಾಗ ಖಾರವಿಲ್ಲದ ಗಂಜಿ, ಬೇಳೆ, ಮೆತ್ತನೆಯ ಅನ್ನ ಹಿತ. ಕ್ಷಯರೋಗಿಯು ಊಟ ಬಿಡುವಂತಿಲ್ಲ. ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರ್ಕಾರದ ನಿಕ್ಷಯ್ ಪೋಷಣ ಯೋಜನೆಯಡಿ ತಿಂಗಳಿಗೆ 500 ರೂಪಾಯಿಯಂತೆ 2018ರಿಂದ ನೀಡಲಾಗುತ್ತಿದ್ದ ನೆರವನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ.

ನುಂಗುವಾಗ ಎದೆಯಲ್ಲಿ ನೋವು, ಜ್ವರ, ಎರಡು ವಾರವಾದರೂ ಕಡಿಮೆಯಾಗದ ಬಿಳಿಪದರ, ಮತ್ತೆ ಮತ್ತೆ ಮರುಕಳಿಸುವ ಸೋಂಕು ಇವುಗಳಲ್ಲಿ ಯಾವುದು ಕಂಡರೂ ಚಿಕಿತ್ಸೆ ಪಡೆಯುತ್ತಿರುವ ಕೇಂದ್ರಕ್ಕೆ ತಡಮಾಡದೆ ಹೋಗತಕ್ಕದ್ದು. ಕ್ಷಯರೋಗದ ಬಗ್ಗೆ ಮಾಹಿತಿಗೆ ಶುಲ್ಕರಹಿತ ದೂರವಾಣಿ 1800-11-6666.